ಮನೆ ಬಾಗಿಲಿಗೆ ಬರುವ ಸಿಸ್ಟರ್: ಹಿಂದಿನ ಕಥೆ ಏನು?

ಮಂಗಳೂರು, ಮಣಿಪಾಲ ಅಂದ ಕೂಡಲೇ ಹೊರಗಿನವರಿಗೆ ದೊಡ್ಡ ಆಸ್ಪತ್ರೆಗಳು ನೆನಪಾಗುತ್ತವೆ. ಅದರಲ್ಲಿ ತಪ್ಪೇನಿಲ್ಲ. ವೆನ್ಲಾಕ್ ಆಸ್ಪತ್ರೆ ಶುರುವಾಗಿದ್ದು 1848ರಲ್ಲಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಔಷಧ ಕೊಡಲು ಶುರು ಮಾಡಿದ್ದು 1880ರಲ್ಲಿ. ಉಡುಪಿಯ ಮಿಷನ್ ಆಸ್ಪತ್ರೆಯನ್ನು ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದರು. ಆದರೆ ಆಸ್ಪತ್ರೆ ಗೇಟಿನ ಆಚೆಗೂ ಒಂದು ಕೆಲಸ ನಡೆಯುತ್ತಾ ಬಂದಿದೆ. ಮಳೆಗಾಲದಲ್ಲಿ ಕೊಡೆ ಹಿಡಿದು, ಸಂಕ ದಾಟಿ, ತೋಟದ ನಡುವಿನ ಮನೆಗೆ ಬಂದು ಬಾಣಂತಿಯನ್ನು ನೋಡಿ ಹೋಗುವ ಸಿಸ್ಟರ್ ಮಾಡುವ ಕೆಲಸ ಅದು. ಸಮುದಾಯ ನರ್ಸಿಂಗ್ ಅನ್ನುವ ಆ ಕೆಲಸಕ್ಕೂ ಒಂದು ಇತಿಹಾಸ ಇದೆ.

ಇದರ ಒಂದು ಬೇರು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದೆ. ಅಲ್ಲಿನ ವ್ಯಾಪಾರಿ ವಿಲಿಯಂ ರಾತ್‌ಬೋನ್ ಅವರ ಹೆಂಡತಿ 1859ರಲ್ಲಿ ತೀರಿಕೊಂಡರು. ಕಾಯಿಲೆಯ ದಿನಗಳಲ್ಲಿ ಆಕೆಯನ್ನು ನೋಡಿಕೊಂಡಿದ್ದವರು ಮೇರಿ ರಾಬಿನ್ಸನ್ ಎಂಬ ನರ್ಸ್. ಹಣವಿದ್ದ ತನ್ನ ಮನೆಗೆ ಸಿಕ್ಕ ಆರೈಕೆ ಬಡವರ ಮನೆಗೂ ಸಿಗಲಿ ಎಂದು ರಾತ್‌ಬೋನ್ ಅದೇ ನರ್ಸನ್ನು ಮೂರು ತಿಂಗಳ ಮಟ್ಟಿಗೆ ಬಡವರ ಕೇರಿಗಳಿಗೆ ಕಳಿಸಿದರು. ತಿಂಗಳೊಳಗೆ ಆಕೆ ವಾಪಸ್ ಬಂದು, ಅಲ್ಲಿನ ಸ್ಥಿತಿ ನೋಡಲಾಗುತ್ತಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದರು. ಇನ್ನೂ ಸ್ವಲ್ಪ ದಿನ ನೋಡಿ ಎಂದು ಆತ ಒಪ್ಪಿಸಿದರು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಆ ಕೆಲಸ ಬಿಡಲು ಆಕೆಗೇ ಮನಸ್ಸಿರಲಿಲ್ಲ. 1893ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸ್ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು.

ಸಮುದಾಯ ನರ್ಸಿಂಗ್‌ನ ಮೂಲ ವಿಚಾರ ಆಗಲೇ ಗಟ್ಟಿಯಾಯಿತು. ಇಲ್ಲಿ ಪೇಷಂಟ್ ಅಂದರೆ ಇಡೀ ಮನೆ. ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಆ ಮನೆಯ ಒಣಮೀನಿನ ಡಬ್ಬಿ, ಉಪ್ಪಿನಕಾಯಿ ಭರಣಿ ಕಾಣುವುದಿಲ್ಲ. ಜಗಲಿಯಲ್ಲಿ ಕೂತು ಮಾತಾಡುವ ಸಿಸ್ಟರಿಗೆ ಕಾಣುತ್ತದೆ. ಅಜ್ಜಿ ಯಾಕೆ ಮಾತ್ರೆ ಅರ್ಧಕ್ಕೆ ನಿಲ್ಲಿಸಿದರು ಅನ್ನುವುದೂ ಸೊಸೆಯ ಮಾತಿನಲ್ಲಿ ಗೊತ್ತಾಗುತ್ತದೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆ ಬ್ಯಾಗ್ ಟೆಕ್ನಿಕ್ ಅಂತ ಒಂದು ಪಾಠ ಇದೆ. ನೋಡುವವರಿಗೆ ಸಣ್ಣ ವಿಷಯ ಅನ್ನಿಸಬಹುದು. ಮನೆಯಲ್ಲಿ ಚೊಕ್ಕ ಜಾಗ ನೋಡಿ ಮೊದಲು ನ್ಯೂಸ್‌ಪೇಪರ್ ಹಾಸಬೇಕು, ಅದರ ಮೇಲೆ ಬ್ಯಾಗ್ ಇಡಬೇಕು. ಸೋಪು, ಟವೆಲ್ ತೆಗೆದು ಕೈ ತೊಳೆದ ಮೇಲೆಯೇ ಉಳಿದ ಸಾಮಾನಿಗೆ ಕೈ ಹಾಕುವುದು. ಬೇಕಾದ್ದನ್ನೆಲ್ಲ ಒಂದೇ ಸಲ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಬಳಸಿದ್ದನ್ನು ಶುಚಿ ಮಾಡದೆ ವಾಪಸ್ ಹಾಕುವಂತಿಲ್ಲ. ಕೊನೆಗೆ ನೆಲಕ್ಕೆ ತಾಗಿದ ಬದಿ ಒಳಗಾಗುವಂತೆ ಪೇಪರ್ ಮಡಚಬೇಕು. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ಹೋಗಬಾರದು ಅನ್ನುವುದು ಮುಖ್ಯ ಕಾರಣ. ಜತೆಗೆ, ಕೈ ಹೇಗೆ ತೊಳೆಯಬೇಕು ಅಂತ ಮನೆಯವರು ನೋಡಿಯೇ ಕಲಿಯುತ್ತಾರೆ.

ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ತರಬೇತಿ ಕೊಡಲು ದೆಹಲಿಯಲ್ಲಿ 1918ರಲ್ಲಿ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ ಶುರುವಾಯಿತು. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1939ರಲ್ಲಿ ಅಲ್ಲಿ ಬಂದ ಸಾರ್ವಜನಿಕ ಆರೋಗ್ಯ ಕಾಯ್ದೆ ದೇಶದಲ್ಲೇ ಮೊದಲನೆಯದು. ತಾಯಿ ಮತ್ತು ಮಕ್ಕಳ ಆರೈಕೆ ಸ್ಥಳೀಯ ಆಡಳಿತದ ಜವಾಬ್ದಾರಿ ಎಂದು ಅದು ಹೇಳಿತು.

ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ಸಲಹೆ ಕೊಟ್ಟ ಭೋರ್ ಸಮಿತಿಯ 1946ರ ವರದಿ ಇನ್ನೂ ದೊಡ್ಡ ಮಾತು ಹೇಳಿತು. 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು, ಅಲ್ಲಿ ಇಬ್ಬರು ಡಾಕ್ಟರು ಇರಬೇಕು ಎಂದಿತು. ನರ್ಸ್ ಎಷ್ಟು ಜನ ಗೊತ್ತಾ? ಕೇಂದ್ರದ ಕೆಲಸಕ್ಕೆ ಒಬ್ಬರು, ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ನಾಲ್ವರು. ಜತೆಗೆ ನಾಲ್ವರು ಸೂಲಗಿತ್ತಿ ಶಿಕ್ಷಣ ಪಡೆದವರು. ಈ ಲೆಕ್ಕಾಚಾರವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಕೆಲಸ ಇರುವುದು ಊರಿನಲ್ಲಿ ಅಂತ ಆ ಸಮಿತಿಗೆ ಗೊತ್ತಿತ್ತು.

ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಮುಂದೆ ಅದರ ಸಮುದಾಯ ವೈದ್ಯಕೀಯ ವಿಭಾಗ ಮಲ್ಪೆ, ಕಾಪು, ಪಡುಬಿದ್ರಿಯಂಥ ಊರುಗಳಲ್ಲಿ ತಾಯಿ-ಮಕ್ಕಳ ಕೇಂದ್ರಗಳನ್ನು ನಡೆಸಿತು. ಮನೆ ಭೇಟಿ, ಗರ್ಭಿಣಿಯರ ತಪಾಸಣೆ, ಲಸಿಕೆ ಎಲ್ಲವೂ ಈ ಕೇಂದ್ರಗಳ ಕೆಲಸ.

ಹಾದಿ ತಪ್ಪಿದ್ದು 1970ರ ದಶಕದಲ್ಲಿ. 1973ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಅವರನ್ನು ವಿವಿಧೋದ್ದೇಶ ಕಾರ್ಯಕರ್ತೆ ಎಂದು ಮಾಡಲಾಯಿತು. ಹೆರಿಗೆ, ಬಾಣಂತನದ ಜತೆ ಮಲೇರಿಯಾ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಅವರ ತಲೆಗೆ ಬಂತು. ತರಬೇತಿ ಮಾತ್ರ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಕುಟುಂಬ ಯೋಜನೆಗೆ ಟಾರ್ಗೆಟ್ ಇತ್ತು. ಸಿಸ್ಟರ್ ಬಂದರೆ ಆಪರೇಷನ್ ಮಾಡಿಸಿ ಅನ್ನುತ್ತಾರೆ ಎಂಬ ಹೆದರಿಕೆ ಜನರಲ್ಲಿ ಬೆಳೆಯಿತು. ಆ ಟಾರ್ಗೆಟ್ ಪದ್ಧತಿಯನ್ನು ಸರ್ಕಾರ ಕೈಬಿಟ್ಟಿದ್ದು 1996ರಲ್ಲಿ. ಬರೆಯುವ ರಿಜಿಸ್ಟರುಗಳು ಮಾತ್ರ ಕಡಿಮೆಯಾಗಲಿಲ್ಲ.

ಕರಾವಳಿಯಲ್ಲಿ ಇನ್ನೊಂದು ತೊಂದರೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗೆ ಬರುವ ಒಂದು ಉಪಕೇಂದ್ರಕ್ಕೆ ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನ ಎಂಬ ಲೆಕ್ಕ. ಬಯಲುಸೀಮೆಯ ಊರಲ್ಲಿ ಮನೆಗಳು ಒತ್ತೊತ್ತಾಗಿ ಇರುತ್ತವೆ, ಒಂದು ಬೀದಿ ಸುತ್ತಿದರೆ ಐವತ್ತು ಮನೆ ಮುಗಿಯುತ್ತದೆ. ಬೆಳ್ತಂಗಡಿ, ಕಾರ್ಕಳ, ಕುಂದಾಪುರದ ಒಳಭಾಗಗಳಲ್ಲಿ ಹಾಗಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗುಡ್ಡ. ಮೇಲಾಗಿ ಒಂದು ಮನೆಯಲ್ಲಿ ತುಳು, ಮುಂದಿನ ಮನೆಯಲ್ಲಿ ಬ್ಯಾರಿ, ಅದರಾಚೆ ಕೊಂಕಣಿ.

ಮಂಗಳೂರು ನಗರದ ಮಲೇರಿಯಾ ಈ ಕೆಲಸದ ಬೆಲೆಯನ್ನು ಚೆನ್ನಾಗಿ ತೋರಿಸಿತು. 1990ರ ದಶಕದಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಅದೂ ಹೆಚ್ಚಿತು. ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ತೆರೆದ ಬಾವಿ, ಟ್ಯಾಂಕ್ ಎಲ್ಲವೂ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಅನುಕೂಲ. ಸೊಳ್ಳೆ ಹುಟ್ಟದಂತೆ ನೀರು ಚೆಲ್ಲಿಸುವುದು ರೋಗ ತಡೆಯ ಮೂರು ಹಂತಗಳಲ್ಲಿ ಮೊದಲನೆಯದು. ಜ್ವರ ಬಂದವರ ರಕ್ತ ಬೇಗ ಪರೀಕ್ಷಿಸಿ ಔಷಧ ಕೊಡುವುದು ಎರಡನೆಯದು. ಇಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು, ಇಲ್ಲದಿದ್ದರೆ ಲಿವರ್‌ನಲ್ಲಿ ಅಡಗಿದ ರೋಗಾಣು ಮತ್ತೆ ಎದ್ದು ಬರುತ್ತದೆ. ಮೂರನೇ ದಿನ ಜ್ವರ ಬಿಟ್ಟ ಕೂಲಿಯಾಳು ಮಾತ್ರೆ ಮರೆಯುತ್ತಾನೆ. ಸೈಟಿಗೆ ಹೋಗಿ ನೆನಪಿಸುವವರು ಬೇಕು.

2005ರಿಂದ ಆಶಾ ಕಾರ್ಯಕರ್ತೆಯರು ಬಂದರು. 2018ರ ಆಯುಷ್ಮಾನ್ ಭಾರತ್ ಯೋಜನೆಯಿಂದ ಉಪಕೇಂದ್ರಗಳಿಗೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಮೂವತ್ತು ದಾಟಿದವರಿಗೆಲ್ಲ ಬಿಪಿ, ಶುಗರ್ ತಪಾಸಣೆ ಈಗ ಅವರ ಕೆಲಸ.

ಕಾಯಿಲೆಯಿಂದಾದ ನಷ್ಟವನ್ನು ಆದಷ್ಟು ತಗ್ಗಿಸುವುದು ರೋಗ ತಡೆಯ ಮೂರನೇ ಹಂತ. ನಮ್ಮ ಕಡೆ ಇದರ ಅಗತ್ಯ ಎಲ್ಲಕ್ಕಿಂತ ಜಾಸ್ತಿ. ಮಕ್ಕಳು ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿ, ಅಪ್ಪ ಅಮ್ಮ ಇಬ್ಬರೇ ಊರ ಮನೆಯಲ್ಲಿ. ಅವರಲ್ಲಿ ಒಬ್ಬರು ಪಾರ್ಶ್ವವಾಯುವಾಗಿ ಮಲಗಿದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಪ್ಪತ್ತು ದಾಟಿದ ಹೆಂಡತಿ ಒಬ್ಬರೇ ಅದನ್ನು ಹೇಗೆ ಮಾಡಬೇಕು? ಹಾಸಿದ ಬಟ್ಟೆಯನ್ನೇ ಹಿಡಿದು ಎಳೆಯುವ ಉಪಾಯ ಇದೆ, ದಿಂಬು ಎಲ್ಲಿಡಬೇಕು ಎಂಬ ಕ್ರಮ ಇದೆ. ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸಲು ಸಿಸ್ಟರಿಗೆ ಅರ್ಧ ಗಂಟೆಯಾದರೂ ಬೇಕು. ಮೊಬೈಲ್ ಆ್ಯಪ್‌ಗೆ ಅಂಕಿ ತುಂಬಿಸುವ ಗಡಿಬಿಡಿಯಲ್ಲಿ ಆ ಅರ್ಧ ಗಂಟೆ ಸಿಗುತ್ತಿಲ್ಲ. ಅದು ಸಿಗುವಷ್ಟು ಜನರನ್ನು ಉಪಕೇಂದ್ರಗಳಿಗೆ ಕೊಡಿ ಎಂದು ಗ್ರಾಮಸಭೆಯಲ್ಲಿ ನಾವೇ ಕೇಳಬೇಕು.