ಆಲ್ಬುಮಿನೂರಿಯಾ: ಮೂತ್ರದಲ್ಲಿ ಸೋರುವ ಪ್ರೋಟೀನು

ಮೂತ್ರ ಪರೀಕ್ಷೆಯ ವರದಿಯಲ್ಲಿ ‘ಆಲ್ಬುಮಿನ್’ ಎಂಬ ಸಾಲಿನ ಮುಂದೆ ‘ನಿಲ್’ ಎಂದಿದ್ದರೆ ಸರಿಯೇ. ಆದರೆ ‘ಟ್ರೇಸ್’ ಎಂದೋ ಒಂದೆರಡು ಪ್ಲಸ್ ಗುರುತುಗಳೋ ಇದ್ದರೆ ಅದರ ಅರ್ಥವನ್ನು ತಿಳಿದುಕೊಳ್ಳಲೇಬೇಕು. ಆಲ್ಬುಮಿನ್ ಎಂಬುದು ಯಕೃತ್ತಿನಲ್ಲಿ ತಯಾರಾಗಿ, ರಕ್ತನಾಳಗಳೊಳಗೆ ನೀರಿನಂಶವನ್ನು ಹಿಡಿದಿಡುವ ಪ್ರೋಟೀನು. ಅದು ಮಿತಿಮೀರಿ ಮೂತ್ರದಲ್ಲಿ ಹೊರಹೋಗುವುದೇ ಆಲ್ಬುಮಿನೂರಿಯಾ.

ಪ್ರತಿ ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸುಮಾರು 10 ಲಕ್ಷ ಸೋಸುವ ಘಟಕಗಳಿದ್ದು, ಒಂದೊಂದರ ಮೊದಲಲ್ಲೂ ಗ್ಲೊಮೆರುಲಸ್ ಎಂಬ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲಿರುತ್ತದೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ, ಮಿಕ್ಕದ್ದೆಲ್ಲ ರಕ್ತಕ್ಕೆ ಮರಳುತ್ತದೆ. ಆರೋಗ್ಯವಂತ ಜರಡಿಯು ಆಲ್ಬುಮಿನ್ನನ್ನು ಬಹುಪಾಲು ತಡೆಯುತ್ತದೆ. ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಜರಡಿ ಹಾಳಾದಾಗ ಅದು ಸೋರತೊಡಗುತ್ತದೆ.

ಈ ಸೋರಿಕೆಗೂ ಮೂತ್ರಪಿಂಡದ ರೋಗಕ್ಕೂ ಇರುವ ನಂಟನ್ನು 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ ವಿವರಿಸಿದರು. ಮೈ ಊದಿಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರೆ, ಮೊಟ್ಟೆಯ ಬಿಳಿಭಾಗ ಬೆಂದಂತೆ ಅದು ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಪ್ರನಾಳದಲ್ಲಿ ತೆಗೆದುಕೊಂಡ ಮೂತ್ರದ ಮೇಲ್ಭಾಗವನ್ನು ಕಾಯಿಸಿ, ಒಂದೆರಡು ಹನಿ ಅಸಿಟಿಕ್ ಆಮ್ಲ ಹಾಕಿ ನೋಡುವ ಪರೀಕ್ಷೆಯ ತತ್ತ್ವವೂ ಇದೇ: ಫಾಸ್ಫೇಟಿನಿಂದಾದ ಬಿಳುಪು ಆಮ್ಲಕ್ಕೆ ಕರಗುತ್ತದೆ, ಪ್ರೋಟೀನಿನದು ಉಳಿಯುತ್ತದೆ.

ಇಂದು ಹೆಚ್ಚು ನೆಚ್ಚುವುದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನು. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಲ್ಲಿ ಉಂಟಾಗಿ, ಮೂತ್ರಪಿಂಡಗಳು ರಕ್ತದಿಂದ ಸೋಸಿ ಹೊರಹಾಕುವ ತ್ಯಾಜ್ಯ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಆಲ್ಬುಮಿನ್ ಇದ್ದರೆ ಸಹಜ, 30ರಿಂದ 300ರವರೆಗೆ ಸಾಧಾರಣ ಏರಿಕೆ, ಅದಕ್ಕೂ ಮೇಲೆ ತೀವ್ರ. ಸಾಧಾರಣ ಏರಿಕೆಯ ಹಂತದಲ್ಲಿ ಮೂತ್ರದಲ್ಲಿ ಪಟ್ಟಿ ಅದ್ದಿ ಬಣ್ಣ ನೋಡುವ ಮಾಮೂಲಿ ಪರೀಕ್ಷೆ ಅನೇಕ ಸಲ ಏನನ್ನೂ ತೋರಿಸದು, ಪ್ರೋಟೀನು ಹೆಚ್ಚಾದಾಗ ಮೂತ್ರದಲ್ಲಿ ಬರುವ ನೊರೆಯೂ ಕಾಣದಿರಬಹುದು. ಜ್ವರ, ಕಠಿಣ ವ್ಯಾಯಾಮ, ಮೂತ್ರದ ಸೋಂಕುಗಳಲ್ಲೂ ಆಲ್ಬುಮಿನ್ ತಾತ್ಕಾಲಿಕವಾಗಿ ಏರುವುದರಿಂದ, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ಪರೀಕ್ಷಿಸಿ, ಮೂರು ತಿಂಗಳಾದರೂ ಅದು ಉಳಿದಿದೆಯೇ ಎಂದು ನೋಡುತ್ತಾರೆ.

‘ನನ್ನ ಕ್ರಿಯಾಟಿನಿನ್ ನಾರ್ಮಲ್ ಇದೆ’ ಎಂದು ಸಕ್ಕರೆ ಕಾಯಿಲೆಯವರು ನೆಮ್ಮದಿಯಿಂದ ಹೇಳುವುದನ್ನು ಕೇಳಿದಾಗ ನನಗೆ ಆತಂಕವಾಗುತ್ತದೆ. ಮೂತ್ರಪಿಂಡದ ಸಾಮರ್ಥ್ಯ ಅರ್ಧದಷ್ಟು ಕುಗ್ಗುವವರೆಗೂ ರಕ್ತದ ಕ್ರಿಯಾಟಿನಿನ್ ಸಹಜ ಮಿತಿಯಲ್ಲೇ ಇರಬಹುದು. ಸೋಸುವ ವೇಗ ನಿಮಿಷಕ್ಕೆ 15 ಮಿಲಿಲೀಟರಿಗಿಂತ ಕೆಳಗಿಳಿದರೆ ಅದನ್ನು ಮೂತ್ರಪಿಂಡ ವೈಫಲ್ಯವೆಂದು ಕರೆಯುತ್ತಾರೆ. ಆಗ ಅನೇಕರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುತ್ತದೆ. ಸೋರಿಕೆ ಬೇಗ ಗೊತ್ತಾದರೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಗೆ ತಂದು, ಗ್ಲೊಮೆರುಲಸ್ಸಿನೊಳಗಿನ ಒತ್ತಡವನ್ನು ಇಳಿಸುವ ಔಷಧಿಗಳಿಂದ ಆ ಕುಸಿತವನ್ನು ನಿಧಾನಗೊಳಿಸಲು ಸಾಧ್ಯ.