ಮನೆಯಲ್ಲಿ ಮಾಡಿದ ಹಾಡಿನ ಮಾಸ್ಟರಿಂಗ್: ಪೀಕ್ ಬೇರೆ, ಜೋರು ಬೇರೆ

ಒಂದು ಕಂಸಾಳೆ ಪದವನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಮಿಕ್ಸ್ ಮುಗಿಸಿದ್ದೀರಿ ಅಂದುಕೊಳ್ಳಿ. ಮೀಟರ್ ಕೆಂಪು ಗೆರೆಯ ಹತ್ತಿರಕ್ಕೆ ಹೋಗುತ್ತಿದೆ. ಆದರೂ ಫೋನಿನಲ್ಲಿ ಬೇರೆ ಹಾಡಿನ ಪಕ್ಕ ಇಟ್ಟು ಕೇಳಿದರೆ ನಿಮ್ಮದು ಸಣ್ಣಗೆ ಕೇಳುತ್ತದೆ. ಮೈಸೂರು, ಮಂಡ್ಯದ ಕಡೆ ಮನೆಯಲ್ಲೇ ರೆಕಾರ್ಡಿಂಗ್ ಕಲಿಯುತ್ತಿರುವ ನಮ್ಮಂಥವರಿಗೆ ಮಾಸ್ಟರಿಂಗ್ (ಮಿಕ್ಸ್ ಮುಗಿದ ಹಾಡನ್ನು ಬಿಡುಗಡೆಗೆ ಸಿದ್ಧಮಾಡುವ ಕೊನೆಯ ಹಂತ) ಅಂದ ತಕ್ಷಣ ಎದುರಾಗುವ ಪ್ರಶ್ನೆ ಇದೇ. ಆದ್ದರಿಂದ ಈ ಟಿಪ್ಪಣಿ ಇಲ್ಲಿಂದಲೇ ಶುರು.

ಡಿಜಿಟಲ್ ಆಡಿಯೋದಲ್ಲಿ 0 ಡಿಬಿ ಅನ್ನೋದೇ ಮೇಲಿನ ಮಿತಿ (ಡಿಬಿ ಅಂದರೆ ಡೆಸಿಬೆಲ್, ಶಬ್ದದ ಮಟ್ಟದ ಮಾನ). ಅದನ್ನು ದಾಟಿದ ಭಾಗ ಕತ್ತರಿಸಿಹೋಗುತ್ತದೆ, ದನಿ ಒಡೆಯುತ್ತದೆ. ಕಂಸಾಳೆಯ ಕಂಚಿನ ತಾಳಗಳು ತಾಗಿದ ಕ್ಷಣ ಮೀಟರ್ ಆ ಮಿತಿಯವರೆಗೂ ನೆಗೆಯುತ್ತದೆ. ಹೀಗೆ ನೆಗೆದು ಮುಟ್ಟಿದ ತುದಿಯೇ ಪೀಕ್. ಆದರೆ ಅದು ಕೆಲವೇ ಮಿಲಿಸೆಕೆಂಡಿನ ಮಾತು. ಅಷ್ಟು ಚಿಕ್ಕ ಹೊತ್ತಿನ ಶಬ್ದವನ್ನು ಕಿವಿ ಪೂರ್ತಿ ಜೋರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂಬೂರಿ ಶ್ರುತಿಯ ಪೀಕ್ ತುಂಬಾ ಕೆಳಗಿದ್ದರೂ ಅದು ಬಿಡದೆ ತುಂಬಿಕೊಂಡಿರುತ್ತದೆ. ಹಾಗಾಗಿ ಪೀಕ್ ಮೀಟರ್ ನೋಡಿ ಹಾಡು ಎಷ್ಟು ಜೋರು ಅಂತ ಹೇಳಲು ಆಗುವುದಿಲ್ಲ.

ಜೋರನ್ನು ಅಳೆಯುವ ಮಾನ ಲಫ್ಸ್ (LUFS). ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿದ ಬಿಎಸ್ 1770 ಎಂಬ ಶಿಫಾರಸು ಇದರ ಬುಡ. ಈ ಅಳತೆ ಎರಡು ಕೆಲಸ ಮಾಡುತ್ತದೆ. ತುಂಬಾ ತಗ್ಗಿನ ಬೇಸನ್ನು ಕಡಿಮೆ ಎಣಿಸಿ, ಮೇಲಿನ ಆವರ್ತನಗಳನ್ನು ಸ್ವಲ್ಪ ಜಾಸ್ತಿ ಎಣಿಸುತ್ತದೆ. ನಮ್ಮ ಕಿವಿ ಹೆಚ್ಚುಕಮ್ಮಿ ಹಾಗೇ ಕೇಳುವುದರಿಂದ. ಜೊತೆಗೆ, ಹಾಡಿನ ನಡುವಿನ ಮೌನವನ್ನೂ ತೀರಾ ಮೆಲ್ಲಗಿನ ಜಾಗಗಳನ್ನೂ ಸರಾಸರಿಗೆ ಸೇರಿಸುವುದಿಲ್ಲ. ಲಫ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಅಂಕಿಯೂ ಮೈನಸ್. ಮೈನಸ್ 8 ಅಂದರೆ ತುಂಬಾ ಜೋರು, ಮೈನಸ್ 20 ಅಂದರೆ ಮೆಲ್ಲಗೆ. ಯೂಲೀನ್ ಲೌಡ್‌ನೆಸ್ ಮೀಟರ್ ಎಂಬ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಉಪಕರಣ) ಉಚಿತವಾಗಿಯೇ ಸಿಗುತ್ತದೆ. ಅದನ್ನು ಮಾಸ್ಟರ್ ಟ್ರ್ಯಾಕಿನ ಕೊನೆಗೆ ಹಾಕಿ, ಹಾಡನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಓಡಿಸಿ, ಇಂಟಿಗ್ರೇಟೆಡ್ ಅಂತ ಬರೆದಿರುವ ಅಂಕಿ ನೋಡಿ. ಪಲ್ಲವಿಯೊಂದನ್ನೇ ಕೇಳಿಸಿ ಅಳೆದರೆ ತಪ್ಪು ಅಂಕಿ ಬರುತ್ತದೆ.

ಈಗ ಸ್ಟ್ರೀಮಿಂಗ್ ವಿಷಯಕ್ಕೆ ಬರೋಣ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಾಡುಗಳನ್ನು ಮೈನಸ್ 14 ಲಫ್ಸ್ ಮಟ್ಟಕ್ಕೆ ತರುತ್ತದೆ. ಆಪಲ್ ಮ್ಯೂಸಿಕ್ಕಿನ ಸೌಂಡ್ ಚೆಕ್ ಎಂಬ ಸೆಟ್ಟಿಂಗ್ ಮೈನಸ್ 16ರ ಹತ್ತಿರಕ್ಕೆ ತರುತ್ತದೆ. ಯೂಟ್ಯೂಬ್ ಕೂಡ ಸುಮಾರು ಮೈನಸ್ 14ಕ್ಕಿಂತ ಜೋರಾದದ್ದನ್ನು ಇಳಿಸುತ್ತದೆ.

ಇದರಿಂದ ಏನಾಗುತ್ತದೆ ಅನ್ನೋದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಹಾಡನ್ನು ಲಿಮಿಟರಿನಲ್ಲಿ (ಪೀಕ್ ಒಂದು ಮಿತಿ ದಾಟದಂತೆ ತಡೆಯುವ ಪ್ಲಗಿನ್) ಹಿಂಡಿ ಮೈನಸ್ 8ಕ್ಕೆ ತಂದಿದ್ದಾರೆ, ಪೀಕ್ ಮೈನಸ್ 1. ಇನ್ನೊಂದು ಮೈನಸ್ 14ರಲ್ಲಿದೆ, ಅದರ ಪೀಕೂ ಮೈನಸ್ 1. ಸ್ಪಾಟಿಫೈ ಮೊದಲನೆಯದನ್ನು 6 ಡಿಬಿ ಇಳಿಸುತ್ತದೆ, ಆಗ ಅದರ ಪೀಕ್ ಮೈನಸ್ 7ಕ್ಕೆ ಬೀಳುತ್ತದೆ. ಎರಡನೆಯದನ್ನು ಮುಟ್ಟುವುದಿಲ್ಲ. ಈಗ ಎರಡೂ ಒಂದೇ ಜೋರು. ಆದರೆ ಎರಡನೆಯದರಲ್ಲಿ ತಮಟೆ ಏಟು 6 ಡಿಬಿ ಮೇಲಕ್ಕೆ ಏಳುತ್ತದೆ. 6 ಡಿಬಿ ಅಂದರೆ ಅಲೆಯ ಎತ್ತರ ಎರಡರಷ್ಟು. ಹಿಂಡಿದ ಹಾಡು ಏಟಿನ ಕಸುವನ್ನು ಕಳೆದುಕೊಂಡಿತು, ಬದಲಿಗೆ ಅದಕ್ಕೆ ಏನೂ ಸಿಗಲಿಲ್ಲ.

ಹಾಗಂತ ಸುಮ್ನೆ ಕೈಕಟ್ಟಿ ಕೂತರೂ ನಡೆಯುವುದಿಲ್ಲ. ನಮ್ಮ ಕಂಸಾಳೆ ಪದ ಮೈನಸ್ 20 ಲಫ್ಸ್ ಇದೆ, ಪೀಕ್ ಆಗಲೇ ಮೈನಸ್ 1 ಮುಟ್ಟಿದೆ ಅನ್ನಿ. ಸ್ಪಾಟಿಫೈ ಮೆಲ್ಲಗಿನ ಹಾಡನ್ನು ಏರಿಸುತ್ತದೆ, ನಿಜ. ಆದರೆ ಪೀಕಿನ ಮೇಲೆ 1 ಡಿಬಿ ಜಾಗ ಉಳಿಯುವಷ್ಟು ಮಾತ್ರ. ಇಲ್ಲಿ ಏರಿಸಲು ಜಾಗವೇ ಇಲ್ಲ. ಯೂಟ್ಯೂಬ್ ಸಾಮಾನ್ಯವಾಗಿ ಏರಿಸುವುದೇ ಇಲ್ಲ. ಕಂಪ್ಯೂಟರಿನಲ್ಲಿ ವೀಡಿಯೋ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದು, 'ವಾಲ್ಯೂಮ್ / ನಾರ್ಮಲೈಸ್ಡ್' ಸಾಲಿನಲ್ಲಿ 'ಕಂಟೆಂಟ್ ಲೌಡ್‌ನೆಸ್' ಅಂಕಿ ನೋಡಿ. ಅಲ್ಲಿ ಮೈನಸ್ ಅಂಕಿ ಇದ್ದರೆ ಹಾಡು ಅವರ ಮಟ್ಟಕ್ಕಿಂತ ಅಷ್ಟು ಕೆಳಗಿದೆ ಅಂತ ಅರ್ಥ. ನಮ್ಮ ಪದ ಸಣ್ಣಗೆ ಕೇಳಿದ್ದು ಇದಕ್ಕೇ.

ಮೈನಸ್ 20ರಿಂದ ಮೈನಸ್ 14ಕ್ಕೆ ಬರಲು ಬೇಕಾದ ಈ 6 ಡಿಬಿಯನ್ನು ಗಳಿಸುವುದು ಹೇಗೆ? ಮಾಸ್ಟರ್ ಲಿಮಿಟರ್ ಒಂದಕ್ಕೇ ಅಷ್ಟೂ ಹೊರಿಸಿದರೆ ಒಂದೊಂದು ಕಂಸಾಳೆ ಏಟಿಗೂ ಹಾಡುಗಾರನ ದನಿ ಕುಸಿದು ಏಳುತ್ತದೆ. ಲಿಮಿಟರಿಗೆ ಕಂಸಾಳೆ ಯಾವುದು, ದನಿ ಯಾವುದು ಗೊತ್ತಿಲ್ಲ. ಅದು ಎಲ್ಲವನ್ನೂ ಸೇರಿಸಿ ತಗ್ಗಿಸುತ್ತದೆ. ಅದಕ್ಕೆ ಮಿಕ್ಸ್‌ಗೆ ವಾಪಸ್ ಹೋಗಿ ಕಂಸಾಳೆ ಟ್ರ್ಯಾಕಿಗೆ ಮಾತ್ರ ಒಂದು ಲಿಮಿಟರ್ ಹಾಕಿ ಏಟಿನ ಪೀಕನ್ನು 3 ಡಿಬಿ ಇಳಿಸಿ. ಉಳಿದ 3 ಡಿಬಿಯನ್ನು ಮಾಸ್ಟರಿಗೆ ಬಿಡಿ. ನನ್ನ ಪ್ರಕಾರ ಮನೆ ಮಾಸ್ಟರಿಂಗಿನ ಅರ್ಧಕ್ಕಿಂತ ಜಾಸ್ತಿ ಕೆಲಸ ಹೀಗೆ ಮಿಕ್ಸ್‌ನಲ್ಲೇ ಆಗಬೇಕು.

ಹೀಗೆ ಜಾಗ ಉಳಿಸಬಹುದಾದ ಇನ್ನೊಂದು ಕಡೆ ತಗ್ಗಿನ ಗುಡುಗು. ಫ್ಯಾನು, ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರು, ಮೈಕಿಗೆ ಬಡಿದ ಉಸಿರು, ಇವೆಲ್ಲ ಬೇಸಿನ ತಳದಲ್ಲಿ ಸೇರಿಕೊಳ್ಳುತ್ತವೆ. ಕಿವಿ ಅದನ್ನು ಸರಿಯಾಗಿ ಕೇಳುವುದಿಲ್ಲ, ಲಫ್ಸ್ ಅದನ್ನು ಕಡಿಮೆ ಎಣಿಸುತ್ತದೆ, ಆದರೆ ಲಿಮಿಟರ್ ಪೂರ್ತಿ ಎಣಿಸುತ್ತದೆ. ಅಂದರೆ ಯಾರಿಗೂ ಕೇಳದ ಶಬ್ದಕ್ಕಾಗಿ ಹಾಡಿನ ಜಾಗ ಖರ್ಚಾಗುತ್ತಿದೆ. ದನಿಯ ಟ್ರ್ಯಾಕಿಗೆ ಸುಮಾರು 80 ಹರ್ಟ್ಸ್ ಹತ್ತಿರ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಆವರ್ತನಗಳನ್ನು ತಗ್ಗಿಸುವ ಜರಡಿ) ಹಾಕಿ ನೋಡಿ. ಗಂಡು ದನಿ ತೆಳ್ಳಗಾದರೆ ಇನ್ನೂ ಕೆಳಗಿಳಿಸಿ. ತಮಟೆಯ ಟ್ರ್ಯಾಕಿಗೆ ಇದೇ ಅಂಕಿ ಹಾಕಬೇಡಿ, ಅದರ ಮೈಯೇ ಹೋಗಿಬಿಡುತ್ತದೆ.

ಕೇಳುವ ರೀತಿಯ ಬಗ್ಗೆ ನಾನು ತುಂಬಾ ಒತ್ತಿ ಹೇಳಬೇಕಾದ ಮಾತು ಒಂದಿದೆ. ಲಿಮಿಟರ್ ಆನ್ ಮಾಡಿದ ಕೂಡಲೇ ಹಾಡು ಚೆನ್ನಾಯಿತು ಅನಿಸುತ್ತದೆ, ಅಲ್ವಾ? ಬಹುಪಾಲು ಅದು ಬರೀ ಜೋರಾಗಿರುತ್ತದೆ. ಕಿವಿ ಸ್ವಲ್ಪ ಜೋರಾದದ್ದನ್ನೇ ಒಳ್ಳೆಯದು ಅಂತ ಆರಿಸಿಕೊಳ್ಳುತ್ತದೆ. ಆದ್ದರಿಂದ ಲಿಮಿಟರ್ 3 ಡಿಬಿ ಏರಿಸಿದ್ದರೆ ಅದರ ನಂತರ 3 ಡಿಬಿ ಇಳಿಸಿ, ಆನ್ ಆಫ್ ಮಾಡಿ ಹೋಲಿಸಿ. ಆಗಲೂ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಬೇರೆಯವರ ಹಾಡಿನ ಜೊತೆ ಹೋಲಿಸುವಾಗಲೂ ಮೊದಲು ಎರಡನ್ನೂ ಒಂದೇ ಲಫ್ಸ್‌ಗೆ ತನ್ನಿ. ಈ ಹೆಜ್ಜೆ ಬಿಟ್ಟು ಮಾಡಿದ ಯಾವ ತೀರ್ಮಾನವನ್ನೂ ನಾನು ನಂಬುವುದಿಲ್ಲ.

ರಾತ್ರಿ ಮನೆಯವರಿಗೆ ತೊಂದರೆಯಾಗದಂತೆ ತಗ್ಗಿಸಿ ಕೇಳುವವರು ಇನ್ನೊಂದು ಗಮನಿಸಿ. ಶಬ್ದ ಮೆಲ್ಲಗಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದರು. ಆ ಹೊತ್ತಿನಲ್ಲಿ ಬೇಸ್ ಏರಿಸಿದರೆ ಬೆಳಿಗ್ಗೆ ಕೇಳುವಾಗ ಅದು ಅತಿಯಾಗಿರುತ್ತದೆ. ಜೋರು ಅನ್ನೋದು ಮನಸ್ಸಿಗೂ ಸೇರಿದ್ದು. 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರು ಅನ್ನೋದು ನನಗೆ ಆಗಾಗ ನೆನಪಾಗುತ್ತದೆ.

ರೆಕಾರ್ಡ್ ಮಾಡುವಾಗಲೇ ಮೀಟರನ್ನು ಕೆಂಪಿಗೆ ತರುವ ಅಗತ್ಯ ಇಲ್ಲ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಅತಿ ಮೆಲ್ಲಗಿನದರಿಂದ ಅತಿ ಜೋರಿನವರೆಗೆ ಸುಮಾರು 144 ಡಿಬಿ ಹರವು ಸಿಗುತ್ತದೆ, 16 ಬಿಟ್‌ನಲ್ಲಿ 96. ಪೀಕ್ ಮೈನಸ್ 12ರ ಆಸುಪಾಸಿನಲ್ಲಿದ್ದರೆ ಧಾರಾಳ ಸಾಕು. ಆದರೆ ಕೋಣೆಯ ಸದ್ದು ಕಡಿಮೆ ಇರಲಿ, ಯಾಕೆಂದರೆ ಮುಂದೆ ಹಾಡನ್ನು 6 ಡಿಬಿ ಏರಿಸಿದಾಗ ಫ್ಯಾನಿನ ಸದ್ದೂ 6 ಡಿಬಿ ಏರುತ್ತದೆ.

ಕೊನೆಗೆ ಲಿಮಿಟರಿನ ಸೀಲಿಂಗನ್ನು (ಪೀಕ್ ದಾಟಬಾರದ ಮಿತಿ) ಮೈನಸ್ 1 ಡಿಬಿಗೆ ಇಟ್ಟು, ಟ್ರೂ ಪೀಕ್ ಆಯ್ಕೆಯನ್ನು ಆನ್ ಮಾಡಿ. ಸ್ಯಾಂಪಲ್‌ಗಳ (ಅಲೆಯನ್ನು ಅಳೆದಿಟ್ಟ ಬಿಂದುಗಳು) ನಡುವೆ ಅಲೆ ಇನ್ನೂ ಮೇಲೆ ಹೋಗಬಹುದು, ಸಾಮಾನ್ಯ ಪೀಕ್ ಮೀಟರಿಗೆ ಅದು ಕಾಣುವುದಿಲ್ಲ. ಎಂಪಿ3, ಎಎಸಿಗೆ ಕುಗ್ಗಿಸುವಾಗಲೂ ಪೀಕ್ ಸ್ವಲ್ಪ ಏರಬಹುದು. ಹಾಡು ಮೈನಸ್ 14ಕ್ಕಿಂತ ಜೋರಿದ್ದರೆ ಮೈನಸ್ 2 ಇಡಿ ಅನ್ನುವುದು ಸ್ಪಾಟಿಫೈನದೇ ಸಲಹೆ. ಫೈಲನ್ನು 24 ಬಿಟ್ ವೇವ್ ಆಗಿ ತೆಗೆಯಿರಿ. 16 ಬಿಟ್ ಕೇಳಿದರೆ ಮಾತ್ರ ಡಿದರ್ (ಬಿಟ್ ಇಳಿಸುವಾಗ ಬರುವ ಒರಟುತನವನ್ನು ಮರೆಸಲು ಸೇರಿಸುವ ಸಣ್ಣ ಸದ್ದು) ಹಾಕಿ, ಅದೂ ಒಂದೇ ಸಲ, ಎಲ್ಲ ಪ್ಲಗಿನ್‌ಗಳ ಕೊನೆಯಲ್ಲಿ.