ನಮ್ಮ ಕಡೆ ಮಳೆ ಕಮ್ಮಿ, ಆದರೂ ಡಿಶ್‌ಗೆ ಮಳೆಯ ಲೆಕ್ಕ ಬೇಕು

ಕಾರಟಗಿಯ ಒಂದು ಅಕ್ಕಿ ಗಿರಣಿಯ ಮಾಳಿಗೆ ಮೇಲೆ ಉಪಗ್ರಹ ಇಂಟರ್ನೆಟ್‌ನ ಡಿಶ್ ಕೂರಿಸುತ್ತಿದ್ದೆ. ಮಾಲೀಕರು ಬಂದು, "ನಮ್ ಕಡೆ ಮಳೀನ ಇಲ್ಲಲ್ರೀ ಸರ, ಯಾವ ಬ್ಯಾಂಡ್ ಹಾಕಿದ್ರೇನ್ ಬಿಡ್ರಿ" ಅಂದರು. ಕೊಪ್ಪಳ, ರಾಯಚೂರು, ಬಳ್ಳಾರಿ, ಎಲ್ಲಿ ಹೋದರೂ ಇದೇ ಮಾತು. ಇದು ಅರ್ಧ ಮಾತ್ರ ನಿಜ. ಬ್ಯಾಂಡ್ ಅಂದರೆ ಸಿಗ್ನಲ್ ಓಡಾಡುವ ಫ್ರೀಕ್ವೆನ್ಸಿಗಳ ಗುಂಪು.

ಹಳೇ ಸಿ-ಬ್ಯಾಂಡ್‌ನಲ್ಲಿ ಉಪಗ್ರಹದಿಂದ ಸಿಗ್ನಲ್ ಇಳಿಯುವುದು 4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಎಂಟು-ಹತ್ತು ಅಡಿಯ ಡಿಶ್ ಬೇಕಿತ್ತು. ಮನೆ ಟಿವಿಯ ಕೆಯು-ಬ್ಯಾಂಡ್ 12ರ ಹತ್ತಿರ, 60 ಸೆಂ.ಮೀ. ಡಿಶ್ ಸಾಕು. ಈಗಿನ ಕೆಎ-ಬ್ಯಾಂಡ್‌ನಲ್ಲಿ ಇಳಿಯುವುದು 20ರ ಸುತ್ತ, ಏರುವುದು 30ರ ಸುತ್ತ. ಕೆಳಗಿನ ಬ್ಯಾಂಡ್‌ಗಳು ತುಂಬಿಹೋಗಿವೆ, ಮೇಲೆ ಜಾಗ ಜಾಸ್ತಿ. ಬೀಮ್, ಅಂದರೆ ಸಿಗ್ನಲ್‌ನ ಕಿರಣ, ಕೂಡ ಸಣ್ಣದಾಗುವುದರಿಂದ ಒಂದೇ ಫ್ರೀಕ್ವೆನ್ಸಿಯನ್ನು ದೂರದ ಊರುಗಳಿಗೆ ಮತ್ತೆ ಮತ್ತೆ ಹಂಚಬಹುದು. 2024ರ ನವೆಂಬರ್‌ನಲ್ಲಿ ಹಾರಿದ ನಮ್ಮ ಜಿಸ್ಯಾಟ್-ಎನ್2 ಉಪಗ್ರಹಕ್ಕೆ ಇಂಥ 32 ಬೀಮ್‌ಗಳಿವೆ. ಸೆಕೆಂಡಿಗೆ 48 ಗಿಗಾಬಿಟ್ ಅದರ ಸಾಮರ್ಥ್ಯ.

ತೊಂದರೆ ಇರುವುದು ಮಳೆ ಹನಿಯಲ್ಲಿ. 4 ಗಿಗಾಹರ್ಟ್ಸ್ ಅಲೆ ಏಳೂವರೆ ಸೆಂ.ಮೀ. ಉದ್ದ. 30ರಲ್ಲಿ ಅದು ಒಂದೇ ಸೆಂ.ಮೀ. ಹನಿ ಕೆಲವು ಮಿ.ಮೀ. ಇರುತ್ತದೆ. ಅಲೆ ಹನಿಯ ಗಾತ್ರಕ್ಕೆ ಹತ್ತಿರ ಬಂದಷ್ಟೂ ಹನಿ ಅದನ್ನು ನುಂಗುತ್ತದೆ, ಚದುರಿಸುತ್ತದೆ. ಗಂಟೆಗೆ 50 ಮಿ.ಮೀ. ಲೆಕ್ಕದಲ್ಲಿ ಮಳೆ ಹೊಡೆಯುತ್ತಿದೆ ಅಂದುಕೊಳ್ಳಿ. ಆ ಮಳೆಯೊಳಗೆ ಒಂದು ಕಿ.ಮೀ. ದಾಟುವಷ್ಟರಲ್ಲಿ 12 ಗಿಗಾಹರ್ಟ್ಸ್ ಸಿಗ್ನಲ್ ಸುಮಾರು 2 ಡೆಸಿಬಲ್ (ಸಿಗ್ನಲ್ ಎಷ್ಟು ಕುಗ್ಗಿತು ಅನ್ನುವ ಅಳತೆ) ಕಳೆದುಕೊಳ್ಳುತ್ತದೆ. 20ರಲ್ಲಿ 5-6, 30ರಲ್ಲಿ 10ರ ಹತ್ತಿರ. 10 ಡೆಸಿಬಲ್ ಹೋಯಿತು ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು.

ಇಲ್ಲಿ ಲೆಕ್ಕಕ್ಕೆ ಬರುವುದು ವರ್ಷದ ಮಳೆ ಅಲ್ಲ, ಆ ಹೊತ್ತಿನ ಜೋರು. ಮೇ ತಿಂಗಳ ಸಂಜೆ ಗುಡುಗು ಹಾಕಿ ಹತ್ತೇ ನಿಮಿಷ ಸುರಿದು ಹೋಗುತ್ತದಲ್ವಾ, ಆ ಹತ್ತು ನಿಮಿಷ ಮಲೆನಾಡಿನ ದಿನವಿಡೀ ಜಿಟಿಜಿಟಿಗಿಂತ ಲಿಂಕ್‌ಗೆ ಕೆಟ್ಟದ್ದು. ಒಂದು ಸಮಾಧಾನ ಇದೆ. ಇಂಥ ಮಳೆಯ ಮೋಡ ಕೆಲವೇ ಕಿ.ಮೀ. ಅಗಲ. ಸಿರುಗುಪ್ಪದಲ್ಲಿ ಸುರಿಯುವಾಗ ಸಿಂಧನೂರಲ್ಲಿ ಬಿಸಿಲು. ಅದಕ್ಕೇ ಉಪಗ್ರಹದ ಜೊತೆ ಸಿಗ್ನಲ್ ಕೊಟ್ಟು ತೆಗೆದುಕೊಳ್ಳುವ ದೊಡ್ಡ ಭೂಕೇಂದ್ರಗಳನ್ನು ಹತ್ತಾರು ಕಿ.ಮೀ. ಅಂತರದಲ್ಲಿ ಜೋಡಿಯಾಗಿ ಕಟ್ಟುತ್ತಾರೆ. ಒಂದು ನೆನೆದರೆ ಇನ್ನೊಂದು ಕೆಲಸ ಮಾಡುತ್ತದೆ. ಗಿರಣಿಗೆ ಎರಡು ಮಾಳಿಗೆ ಎಲ್ಲಿಂದ ತರೋದು? ಮೋಡೆಮ್ ಮಳೆ ಬಂದಾಗ ತಾನೇ ವೇಗ ಇಳಿಸಿಕೊಂಡು ಲಿಂಕ್ ಉಳಿಸುತ್ತದೆ. ಆದರೆ ಇಳಿಸಿಕೊಳ್ಳಲು ಅದಕ್ಕೆ ಮಾರ್ಜಿನ್, ಅಂದರೆ ಬೇಕಾದದ್ದಕ್ಕಿಂತ ಮೇಲೆ ಉಳಿದ ಸಿಗ್ನಲ್, ಇರಬೇಕು. ಬಿಸಿಲಿನ ದಿನ "ಸಿಗ್ನಲ್ ಬಂತು, ಸಾಕು" ಅಂತ ಬೋಲ್ಟ್ ಬಿಗಿಯುವವರು ಆ ಮಾರ್ಜಿನ್ನನ್ನು ಅಂದೇ ಕಳೆದುಬಿಡುತ್ತಾರೆ. 1.2 ಮೀಟರ್ ಡಿಶ್‌ನ ಬೀಮ್ 20 ಗಿಗಾಹರ್ಟ್ಸ್‌ನಲ್ಲಿ ಒಂದು ಡಿಗ್ರಿಗಿಂತ ಕಮ್ಮಿ. ಮೀಟರ್ ನೋಡುತ್ತಾ ಕೂದಲೆಳೆಯಷ್ಟು ತಿರುಗಿಸಿ, ಪೀಕ್ ಸಿಗುವ ತನಕ ಬಿಡಬಾರದು.

ಆ ಗಿರಣಿಯಲ್ಲಿ ಇನ್ನೊಂದು ಕಂಡೆ. ಪಕ್ಕದ ಹಳೇ ಡಿಶ್‌ನ ಫೀಡ್ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಮುಚ್ಚಳದ ಮೇಲೆ ಹೊಟ್ಟಿನ ಬೂದಿ ಕೂತಿತ್ತು. ಬಾಟಲಿಯಿಂದ ನೀರು ಚಿಮುಕಿಸಿದೆ. ನೀರು ಉರುಳಿ ಬೀಳಲಿಲ್ಲ, ಪದರವಾಗಿ ಹರಡಿ ಅಲ್ಲೇ ನಿಂತಿತು. ಕೆಎ-ಬ್ಯಾಂಡ್‌ಗೆ ಈ ತೆಳು ಪದರವೂ ಭಾರ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಚಿಮುಕಿಸಿದೆ. ಈ ಸಲ ಹನಿಗಳು ಕೆಸುವಿನ ಎಲೆ ಮೇಲಿನ ನೀರಿನಂತೆ ಉರುಳಿದವು. ಮಾಲೀಕರು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಮಾಳಿಗೆ ಗುಡಿಸುವ ಹುಡುಗನನ್ನು ಕರೆದು, ವಾರಕ್ಕೊಮ್ಮೆ ಒರೆಸು ಅಂತ ಬಟ್ಟೆ ಅವನ ಕೈಗೆ ಕೊಟ್ಟರು.